ಹಳೆಯ ಒಣ ಉಡುಪನ್ನು ಕೊಳ್ಳುವವರಿಗೆ

ಒಬ್ಬರು ಬಳಸಿದ ಪದಾರ್ಥವನ್ನು ಮತ್ತೊಬ್ಬರು ಕ್ರಯಕ್ಕೆ ಕೊಳ್ಳುವುದು ನಮ್ಮ ಗೃಹಸ್ಥರಿಗೆ ಹೊಸ ಸಂಗತಿಯಲ್ಲ. ಹಳೆಯ ಮನೆಯ ಬಾಗಿಲುವಾಡ, ತಾಮ್ರದ ಹಂಡೆ, ಹೊಲಿಗೆಯ ಯಂತ್ರ, ಸೈಕಲ್ಲು, ಮೇಲಿನ ತರಗತಿಗೆ ಹೋದ ಹುಡುಗನ ಪಠ್ಯಪುಸ್ತಕ, ಇವೆಲ್ಲ ಕೈಯಿಂದ ಕೈಗೆ ದಾಟುತ್ತ ಬಂದಿವೆ. ಇದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ಆದರೆ ಇಂಥ ಪದಾರ್ಥಗಳನ್ನು ನಾವು ಮೂರು ವರ್ಗಗಳಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು. ಮೊದಲನೆಯ ವರ್ಗದ ವಸ್ತುವಿನಲ್ಲಿ ದೋಷವಿದ್ದರೆ ಹಣ ಮಾತ್ರ ಹೋಗುತ್ತದೆ; ತೂತಾದ ಹಂಡೆ ಇದಕ್ಕೆ ಉದಾಹರಣೆ. ಎರಡನೆಯ ವರ್ಗದಲ್ಲಿ ಹಣದೊಡನೆ ಕೆಲಸವೂ ಕೆಡುತ್ತದೆ. ನಡುದಾರಿಯಲ್ಲಿ ಸರಪಳಿ ಕಡಿದ ಸೈಕಲ್ಲು ಈ ಜಾತಿಯದು. ಮೂರನೆಯ ವರ್ಗದಲ್ಲಿ ಪ್ರಾಣಕ್ಕೇ ಸಂಚಕಾರ ಬರಬಹುದು. ಬಾವಿಗೆ ಇಳಿಯುವವನ ಹಗ್ಗವು ಈ ವರ್ಗಕ್ಕೆ ಸೇರಿದುದು. ಹಂಡೆಯನ್ನು ಕೊಳ್ಳುವ ಬುದ್ಧಿಯಿಂದ ಹಗ್ಗವನ್ನು ಕೊಳ್ಳಬಾರದೆಂಬುದೇ ಈ ತಿಂಗಳಿನ ನಮ್ಮ ವಿಷಯದ ಸಾರ.

ಇದನ್ನು ಬರೆಯುವುದಕ್ಕೆ ಕಾರಣವಾದದ್ದು ವಾಚಕ ಗೃಹಸ್ಥರೊಬ್ಬರ ಪತ್ರ. ಅವರ ಮಗನು ಸ್ಕಾಟ್ಲೆಂಡ್ ದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿಯ ಗೆಳೆಯರೊಡನೆ ಸೇರಿ ಸಮುದ್ರದಲ್ಲಿ ಮುಳುಗುವ ವಿದ್ಯೆಯನ್ನು, ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ನೀರಿನೊಳಗೆ ಸಂಚರಿಸುವ ಸ್ಕೂಬಾ ಎಂಬುದನ್ನು ಕಲಿತಿದ್ದಾನೆ. ಈಗ ಯಾರೋ ಬಳಸಿ ಬಿಟ್ಟ ‘ಡ್ರೈ ಸೂಟ್’ ಒಂದನ್ನು ಅಗ್ಗವಾಗಿ ಕೊಳ್ಳಬೇಕೆಂದಿದ್ದಾನೆ. “ಹೊಸದರ ಬೆಲೆಯನ್ನು ಕೇಳಿದರೆ ಎದೆ ನಡುಗುತ್ತದೆ, ಹಳೆಯದೆಂದರೆ ಅವನ ತಾಯಿಗೆ ಎದೆ ನಡುಗುತ್ತದೆ. ನಾವು ಏನು ಹೇಳತಕ್ಕದ್ದು?” ಎಂದು ತಂದೆಯ ಪ್ರಶ್ನೆ. ನಾವು ಮುಳುಗುಗಾರರಲ್ಲ, ನಮ್ಮ ಈಜೆಲ್ಲ ಊರಿನ ಕೆರೆಯಲ್ಲಿಯೇ ಮುಗಿಯಿತು. ಆದರೂ ಬಲ್ಲವರನ್ನು ಕೇಳಿ, ಓದತಕ್ಕದ್ದನ್ನು ಓದಿ, ತಿಳಿದುದನ್ನು ಕ್ರಮವಾಗಿ ಇಲ್ಲಿ ಬರೆಯುತ್ತೇವೆ. ನಮ್ಮ ಕಡೆಯ ಮಕ್ಕಳು ಚಳಿದೇಶಗಳಲ್ಲಿ ಹಲವರು ಇರುವುದರಿಂದ ಇದು ಒಂದೇ ಮನೆಯ ಪ್ರಶ್ನೆಯಾಗಿ ಉಳಿಯಲಾರದು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ನಮ್ಮ ಉತ್ತರ ಕನ್ನಡದ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಮುಳುಗುವವರಿಗೆ ಈ ಉಡುಪಿನ ಗೊಡವೆಯೇ ಇಲ್ಲ. ಅಲ್ಲಿಯ ನೀರು ಬೆಚ್ಚಗಿರುತ್ತದೆ, ತೆಳುವಾದ ಅಂಗಿಯೊಂದು ಸಾಕು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಸುತ್ತಲಿನ ಸಮುದ್ರವಾದರೋ ಚಳಿಗಾಲದ ಕೊನೆಯಲ್ಲಿ 6 ಅಥವಾ 7 ಡಿಗ್ರಿ ಸೆಂಟಿಗ್ರೇಡಿಗೆ ಇಳಿಯುತ್ತದೆ. ಬೇಸಗೆಯ ಕೊನೆಯಲ್ಲಿಯೂ 13 ಅಥವಾ 14 ಡಿಗ್ರಿಯನ್ನು ಮೀರುವುದು ಅಪರೂಪ. ಐಸ್‌ಲೆಂಡಿನ ಸಿಲ್ಫ್ರಾ ಎಂಬ ನೆಲಬಿರುಕಿನಲ್ಲಿ ಮುಳುಗುವುದಕ್ಕೆ ಲೋಕದ ನಾನಾ ಕಡೆಗಳಿಂದ ಜನ ಹೋಗುತ್ತಾರೆ. ಅಲ್ಲಿಯ ನೀರು ವರ್ಷವೆಲ್ಲ 2 ರಿಂದ 4 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗನೆ ಶಾಖವನ್ನು ಸೆಳೆದುಕೊಳ್ಳುತ್ತದೆ. 14 ಡಿಗ್ರಿಯ ಗಾಳಿಯಲ್ಲಿ ಶಾಲು ಹೊದ್ದು ಜಗಲಿಯ ಮೇಲೆ ಕುಳಿತಿರಬಹುದು; ಅದೇ 14 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಯಲ್ಲಿ ಬೆರಳುಗಳು ಮಾತು ಕೇಳುವುದಿಲ್ಲ. ದೇಹದ ಒಳಗಿನ ಶಾಖವು 35 ಡಿಗ್ರಿಗಿಂತ ಕೆಳಗಿಳಿದರೆ ಅದು ವೈದ್ಯರು ನೋಡಬೇಕಾದ ಸ್ಥಿತಿ.

ಚಳಿನೀರಿನ ಉಡುಪುಗಳಲ್ಲಿ ಎರಡು ಜಾತಿ. ‘ವೆಟ್ ಸೂಟ್’, ಎಂದರೆ ಒದ್ದೆ ಉಡುಪು, ನೀರನ್ನು ಒಳಗೆ ಬಿಡುತ್ತದೆ. ಮೈಗೂ ಬಟ್ಟೆಗೂ ನಡುವೆ ಸಿಕ್ಕಿದ ಆ ತೆಳುವಾದ ನೀರು ಮೈಶಾಖದಿಂದ ಬೆಚ್ಚಗಾಗಿ ನಿಲ್ಲುತ್ತದೆ. ‘ಡ್ರೈ ಸೂಟ್’, ಎಂದರೆ ಒಣ ಉಡುಪು, ನೀರನ್ನು ಒಳಗೆ ಬಿಡುವುದೇ ಇಲ್ಲ. ಅದರೊಳಗೆ ಇರುವುದು ಗಾಳಿ. ಗಾಳಿಯ ಒಳಗೆ ಉಣ್ಣೆಯಂಥ ದಪ್ಪ ಒಳಉಡುಪು. ಅದರ ಒಳಗೆ ಮನುಷ್ಯ. ಬಹುಪಾಲು ಒಣ ಉಡುಪುಗಳಲ್ಲಿ ಹೊರಗಿನ ಬಟ್ಟೆಯು ಬೆಚ್ಚಗಿಡುವುದಿಲ್ಲ, ಒಣಗಿಡುತ್ತದೆ ಅಷ್ಟೆ. ಬೆಚ್ಚಗಿಡುವುದು ಒಳಗಿನ ಗಾಳಿ ಮತ್ತು ಒಳಉಡುಪು. ಆದಕಾರಣ ನೀರು ಒಳಕ್ಕೆ ಬಂದರೆ ಈ ಉಡುಪು ಒದ್ದೆ ಉಡುಪಿಗಿಂತಲೂ ಕಡೆಯಾಗುತ್ತದೆ.

ಈ ಕಲ್ಪನೆ ಬಹಳ ಹಳೆಯದು. ಫಿನ್‌ಲೆಂಡಿನ ರಾಹೆ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ 18ನೆಯ ಶತಮಾನದ ಚರ್ಮದ ಮುಳುಗುಡುಪೊಂದು ಇದೆ. ಅಲ್ಲಿಯ ಜನ ಅದನ್ನು ‘ಮುದುಕಪ್ಪ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಚರ್ಮದ ಹೊಲಿಗೆಗಳಿಗೆ ಕೊಬ್ಬನ್ನೂ ಕೀಲೆಣ್ಣೆಯನ್ನೂ ಬಳಿದು ನೀರನ್ನು ತಡೆಯುತ್ತಿದ್ದರು. 1823ರಲ್ಲಿ ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬಾತನು ಎರಡು ಬಟ್ಟೆಗಳ ನಡುವೆ ರಬ್ಬರನ್ನು ಸೇರಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಮಳೆಯಂಗಿಗೆ ಅವನ ಹೆಸರೇ ನಿಂತಿತು. 1830ರ ದಶಕದಲ್ಲಿ ಲಂಡನ್ನಿನ ಆಗಸ್ಟಸ್ ಸೀಬೆಯು ರಬ್ಬರು ಬಟ್ಟೆಯ ಉಡುಪಿಗೆ ಲೋಹದ ಶಿರಸ್ತ್ರಾಣವನ್ನು ಬಿಗಿದು, ಮೇಲಿನಿಂದ ಕೊಳವೆಯಲ್ಲಿ ಗಾಳಿಯನ್ನೊತ್ತುವ ಮುಚ್ಚಿದ ಉಡುಪನ್ನು ಸಿದ್ಧಪಡಿಸಿದನು. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ಎಂಬವರು ಬೆನ್ನಿನ ಸಿಲಿಂಡರಿನಿಂದ ಬೇಕಾದಷ್ಟೇ ಗಾಳಿಯನ್ನು ಕೊಡುವ ಸಾಧನವನ್ನು ರೂಪಿಸಿದ ಮೇಲೆ ಮುಳುಗುಗಾರನಿಗೆ ಕೊಳವೆಯ ಬಂಧನ ತಪ್ಪಿತು. ಎರಡನೆಯ ಮಹಾಯುದ್ಧವು ಮುಗಿದ ತರುವಾಯ ನೌಕಾಸೈನಿಕರ ರಬ್ಬರು ಉಡುಪುಗಳು ಬ್ರಿಟನ್ನಿನ ಪೇಟೆಗೆ ಹಳೆಯ ಸಾಮಾನಾಗಿ ಬಂದುವು. ಅಲ್ಲಿಯ ಮೊದಲ ಹವ್ಯಾಸಿಗಳಲ್ಲಿ ಅನೇಕರು ನೀರಿಗಿಳಿದದ್ದು ಅವನ್ನು ತೊಟ್ಟೇ. 1960ರ ದಶಕದಲ್ಲಿ ಸ್ವೀಡನ್ನಿನ ಪೋಸಿಡಾನ್ ಸಂಸ್ಥೆಯವರು ನೀರು ತಡೆಯುವ ಜಿಪ್ಪನ್ನೂ ಗಾಳಿಯ ವಾಲ್ವುಗಳನ್ನೂ ಕೂಡಿಸಿ ‘ಯೂನಿಸೂಟ್’ ಎಂಬುದನ್ನು ಹೊರತಂದರು. ಇಂದಿನ ಉಡುಪುಗಳು ಅದೇ ವಂಶದವು. ಹೀಗೆ ನೋಡಿದರೆ ಹಳೆಯ ಉಡುಪನ್ನು ಕೊಳ್ಳುವ ಪದ್ಧತಿಯೂ ಈ ಹವ್ಯಾಸದಷ್ಟೇ ಹಳೆಯದೆಂದು ಪತ್ರ ಬರೆದ ಮಹನೀಯರು ಸಮಾಧಾನ ತಂದುಕೊಳ್ಳಬಹುದು.

ಇನ್ನು ಅಪಾಯದ ಮಾತು. 17ನೆಯ ಶತಮಾನದಲ್ಲಿ ರಾಬರ್ಟ್ ಬಾಯ್ಲನು ಹೇಳಿದ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ: ಒತ್ತಡ ಹೆಚ್ಚಿದಷ್ಟೂ ಗಾಳಿಯ ಗಾತ್ರ ಕುಗ್ಗುತ್ತದೆ. ನೀರಿನ ಮೇಲೆ ಇರುವ ಒತ್ತಡವು 10 ಮೀಟರ್ ಆಳದಲ್ಲಿ ಇಮ್ಮಡಿ, 20 ಮೀಟರಿನಲ್ಲಿ ಮುಮ್ಮಡಿ, 30 ಮೀಟರಿನಲ್ಲಿ ನಾಲ್ಮಡಿ. ಉಡುಪಿನೊಳಗಿನ ಗಾಳಿಯೂ ಅದೇ ಲೆಕ್ಕದಲ್ಲಿ ಅರ್ಧ, ಮೂರನೆಯ ಒಂದು, ಕಾಲು ಭಾಗಕ್ಕೆ ಇಳಿಯುತ್ತದೆ. ಇಳಿಯುವಾಗ ಗಾಳಿಯನ್ನು ತುಂಬದಿದ್ದರೆ ಉಡುಪು ಮೈಯನ್ನು ಹಿಂಡಿ ಬಾಸುಂಡೆ ಬರಿಸುತ್ತದೆ. ಅದಕ್ಕಾಗಿ ಎದೆಯ ಮೇಲೆ ಗಾಳಿ ತುಂಬುವ ವಾಲ್ವು ಒಂದುಂಟು. ಏರುವಾಗ ಅದೇ ಗಾಳಿ ಹಿಗ್ಗುತ್ತದೆ. ಬಿಡದಿದ್ದರೆ ಮನುಷ್ಯನು ಬುಡ್ಡೆಯಂತೆ ಮೇಲಕ್ಕೆ ಚಿಮ್ಮುತ್ತಾನೆ. ಅದಕ್ಕಾಗಿ ಸಾಮಾನ್ಯವಾಗಿ ಎಡ ತೋಳಿನ ಮೇಲ್ಭಾಗದಲ್ಲಿ ಗಾಳಿ ಬಿಡುವ ವಾಲ್ವು ಉಂಟು. ಹಾಗೆ ತಡೆಯಿಲ್ಲದೆ ಚಿಮ್ಮಿದವನಿಗೆ ರಕ್ತದಲ್ಲಿ ಕರಗಿದ ಸಾರಜನಕವು ಗುಳ್ಳೆಗಳಾಗಿ ಹೊರಟು ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಉಂಟಾಗಬಹುದು. ಉಸಿರನ್ನು ಕಟ್ಟಿದ್ದರೆ ಶ್ವಾಸಕೋಶವೇ ಹರಿಯಬಹುದು. ಆದುದರಿಂದ ಈ ಎರಡು ವಾಲ್ವುಗಳು ಅಲಂಕಾರವಲ್ಲ.

ನೀರು ಸೋರುವುದರ ಅಪಾಯವನ್ನೂ ಸರಿಯಾಗಿ ತಿಳಿಯಬೇಕು. ಉಡುಪಿನಲ್ಲಿ ನೀರು ತುಂಬಿದರೆ ಕಲ್ಲಿನಂತೆ ತಳಕ್ಕೆ ಎಳೆಯುವುದೆಂದು ಕೆಲವರು ಹೆದರುತ್ತಾರೆ. ಅದು ಸರಿಯಲ್ಲ, ನೀರಿನೊಳಗೆ ನೀರಿಗೆ ಭಾರವಿಲ್ಲ. ಆದರೆ ತೇಲಿಸುತ್ತಿದ್ದ ಗಾಳಿ ಹೋಗುತ್ತದೆ, ಶಾಖ ಹೋಗುತ್ತದೆ, ಕೊನೆಗೆ ದೋಣಿಯ ಏಣಿಯನ್ನು ಹತ್ತುವಾಗ ಒಳಗಿನ ನೀರೆಲ್ಲ ನಿಜವಾದ ಭಾರವಾಗಿ ಕಾಲಿಗೆ ಕಟ್ಟಿಕೊಳ್ಳುತ್ತದೆ. ಆರ್ಕ್ನಿಯ ಸ್ಕಾಪಾ ಫ್ಲೋ ಎಂಬ ಕೊಲ್ಲಿಯನ್ನೇ ನೋಡಿರಿ. 1919ನೆಯ ಜೂನ್ 21ರಂದು ಅಲ್ಲಿ ಸೆರೆಯಲ್ಲಿದ್ದ ಜರ್ಮನ್ ನೌಕಾಪಡೆಯವರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. 74 ಹಡಗುಗಳಲ್ಲಿ 52 ತಳ ಸೇರಿದುವು. ಬಹಳಷ್ಟನ್ನು ಆಮೇಲೆ ಎತ್ತಿ ಗುಜರಿಗೆ ಮಾರಿದರೂ, ಮೂರು ಯುದ್ಧನೌಕೆಗಳೂ ನಾಲ್ಕು ಲಘು ನೌಕೆಗಳೂ ಇನ್ನೂ ಅಲ್ಲಿಯೇ ಮಲಗಿವೆ. ಅವನ್ನು ನೋಡುವುದಕ್ಕೆ 30, 40 ಮೀಟರ್ ಇಳಿದವನು ನೆನೆದ ಕೂಡಲೆ ಮೇಲಕ್ಕೆ ಬರುವಂತಿಲ್ಲ. ರಕ್ತದ ಸಾರಜನಕವು ಮೆಲ್ಲನೆ ಹೊರಹೋಗಲೆಂದು ನಡುವೆ ನಿಗದಿಯಾದ ಆಳಗಳಲ್ಲಿ ನಿಮಿಷಗಟ್ಟಲೆ ನಿಂತು ಬರಬೇಕು. ಆಗ ಮೈಯೆಲ್ಲ ಒದ್ದೆಯಾಗಿ ನಡುಗುತ್ತಿದ್ದರೆ ನಿಲ್ಲುವುದೂ ಕಷ್ಟ, ಏರುವುದೂ ಕಷ್ಟ. ಅದರ ಮೇಲೆ ಚಳಿಹಿಡಿದ ದೇಹದಿಂದ ಆ ಸಾರಜನಕವು ಸರಾಗವಾಗಿ ಹೊರಡುವುದೂ ಇಲ್ಲ. ಪೇಟೆಯಲ್ಲಿ ಉಳಿಸಿದ ನೂರು ಪೌಂಡಿನ ನಿಜವಾದ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಪೇಟೆಗೆ ಹೋಗೋಣ. ಒಣ ಉಡುಪಿನ ಬಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ. ಎರಡು ಪದರ ಗಟ್ಟಿ ಬಟ್ಟೆಯ ನಡುವೆ ಬ್ಯುಟೈಲ್ ರಬ್ಬರನ್ನಿಟ್ಟ ‘ಟ್ರೈಲ್ಯಾಮಿನೇಟ್’ ಮೊದಲನೆಯದು. ಇದು ಹಗುರ, ಬೇಗ ಆರುತ್ತದೆ, ತೇಪೆಗೆ ಒಗ್ಗುತ್ತದೆ. ವಯಸ್ಸಾದಂತೆ ಪದರಗಳು ಬಿಟ್ಟುಕೊಳ್ಳುವುದೂ ಒಳಗಿನ ಹೊಲಿಗೆಪಟ್ಟಿಗಳು ಏಳುವುದೂ ಇದರ ರೋಗ. ಸಣ್ಣ ಗಾಳಿಗುಳ್ಳೆಗಳಿಂದ ಕೂಡಿದ ನಿಯೋಪ್ರೀನ್ ಎರಡನೆಯದು. ಇದು ತಾನೇ ಸ್ವಲ್ಪ ಬೆಚ್ಚಗಿಡುತ್ತದೆ, ಆದರೆ ಬಹಳ ಸಲ ಆಳಕ್ಕೆ ಹೋಗಿ ಬಂದ ಮೇಲೆ ಗುಳ್ಳೆಗಳು ಚಪ್ಪಟೆಯಾಗಿ ಹಳೆಯ ಹತ್ತಿಯ ಹಾಸಿಗೆಯಂತೆ ಸತ್ತುಹೋಗುತ್ತದೆ. ಅದರ ಸೂಕ್ಷ್ಮವಾದ ತೂತುಗಳನ್ನು ಹುಡುಕುವುದೂ ಕಷ್ಟ. ಗಂಧಕ ಕೂಡಿಸಿ ಬೇಯಿಸಿದ ರಬ್ಬರಿನದು ಮೂರನೆಯದು. ಕೊಳಕು ನೀರಿನಲ್ಲಿ ದುಡಿಯುವ ವೃತ್ತಿಗಾರರು ಮೆಚ್ಚುವಂಥದು, ಸೈಕಲ್ ಟ್ಯೂಬಿನಂತೆಯೇ ಇದಕ್ಕೆ ತೇಪೆ ಹಾಕಬಹುದು. ಯಾವ ಬಟ್ಟೆಯಾದರೂ ಸರಿ, ಕೆಳಗಿನ ಪರೀಕ್ಷೆಗಳು ಒಂದೇ.

ಮೊದಲನೆಯದು, ಅಳತೆ. ಉಡುಪು ಎಷ್ಟೇ ಚೆನ್ನಾಗಿದ್ದರೂ ಮೈಗೆ ಹೊಂದದಿದ್ದರೆ ಮುಂದಿನ ಪರೀಕ್ಷೆಗಳೇ ಬೇಡ. ಚಳಿಗಾಲದಲ್ಲಿ ತೊಡುವ ದಪ್ಪ ಒಳಉಡುಪನ್ನು ಧರಿಸಿಯೇ ಇದನ್ನು ತೊಟ್ಟು ನೋಡಬೇಕು. ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಬೇಕು, ಎರಡು ಕೈಗಳಿಂದ ಎದುರುಬದುರಿನ ಭುಜಗಳನ್ನು ಹಿಡಿದುಕೊಳ್ಳಬೇಕು, ಬೆನ್ನ ಹಿಂದಿರುವ ಸಿಲಿಂಡರಿನ ಬೀಗದವರೆಗೆ ಕೈ ಎಟುಕುವುದೋ ನೋಡಬೇಕು. ಬಿಗಿಯಾದರೆ ಈ ಕೆಲಸಗಳು ನಡೆಯವು. ಬಹಳ ಸಡಿಲವಾದರೆ ಒಳಗಿನ ಗಾಳಿ ಒಂದು ಕಡೆಯಿಂದ ಮತ್ತೊಂದು ಕಡೆಗೆ ಓಡಿ, ಕಾಲಿಗೆ ಸೇರಿತೆಂದರೆ ಮನುಷ್ಯನನ್ನು ತಲೆಕೆಳಗು ಮಾಡುತ್ತದೆ. ಉಡುಪಿಗೆ ಅಂಟಿದ ಕಾಲುಚೀಲಗಳ ಅಥವಾ ಬೂಟುಗಳ ಅಳತೆಯನ್ನೂ ಮರೆಯಬಾರದು. ಒಬ್ಬನ ಮೈಗೆಂದೇ ಹೊಲಿಸಿದ ಉಡುಪು ಅಗ್ಗವಾಗಿ ಸಿಕ್ಕುವುದುಂಟು. ಅಗ್ಗವಾಗಿರುವ ಕಾರಣ ಬೇರೆಯವರ ಮೈಗೆ ಅದು ಕೂಡದು ಎಂಬುದೇ.

ಎರಡನೆಯದು, ಜಿಪ್ಪು. ಇಡೀ ಉಡುಪಿನಲ್ಲಿ ಬಹಳ ದುಬಾರಿಯಾದ, ಬಹಳ ಸುಲಭವಾಗಿ ಕೆಡುವ ಅಂಗ ಇದು. ನಮ್ಮ ಕೈಚೀಲದ ಜಿಪ್ಪಿನಂಥದಲ್ಲ. ರಬ್ಬರು ಸವರಿದ ಪಟ್ಟಿಗೆ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಹಲ್ಲುಗಳನ್ನು ಒತ್ತಾಗಿ ಕೂರಿಸಿ ನೀರನ್ನೂ ಗಾಳಿಯನ್ನೂ ತಡೆಯುವಂತೆ ಮಾಡಿದ್ದು. ಅದನ್ನು ಬೆಳಕಿಗೆ ಹಿಡಿದು ತುದಿಯಿಂದ ತುದಿಗೆ ನೋಡಬೇಕು. ಹಲ್ಲು ಬಿದ್ದಿದೆಯೇ, ಸಾಲು ತಪ್ಪಿದೆಯೇ, ಮೆಲ್ಲನೆ ಬಾಗಿಸಿದಾಗ ಹಲ್ಲುಗಳ ನಡುವಿನ ರಬ್ಬರಿನಲ್ಲಿ ಬಿರುಕು ಕಾಣುವುದೇ, ಅಂಚಿನಲ್ಲಿ ನೂಲು ಎದ್ದಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಹಿತ್ತಾಳೆಯ ಹಲ್ಲಿಗೆ ಹಸುರು ಕಿಲುಬು ಹಿಡಿದಿದ್ದರೆ ಉಪ್ಪುನೀರಿನಿಂದ ಬಂದ ಮೇಲೆ ಒಡೆಯನು ತೊಳೆದಿಲ್ಲವೆಂದು ತಿಳಿಯಬೇಕು. ಜಿಪ್ಪನ್ನೇ ತೊಳೆಯದವನು ಮಿಕ್ಕುದನ್ನು ನೋಡಿಕೊಂಡಿರುವನೆಂದು ನಂಬುವುದು ಹೇಗೆ? ಕೆಟ್ಟ ಜಿಪ್ಪಿಗೆ ತೇಪೆಯಿಲ್ಲ, ಹೊಸದನ್ನೇ ಹಾಕಿಸಬೇಕು.

ಮೂರನೆಯದು, ಕುತ್ತಿಗೆಯ ಮತ್ತು ಮಣಿಕಟ್ಟಿನ ಸೀಲುಗಳು. ಲೇಟೆಕ್ಸ್ ರಬ್ಬರಿನ ತೆಳುವಾದ ಸೀಲುಗಳು ಬಿಸಿಲು, ಗಾಳಿ, ಮೈಯ ಎಣ್ಣೆ ಇವುಗಳಿಂದ ಕೆಲವು ವರ್ಷಗಳಲ್ಲಿಯೇ ಕೆಡುತ್ತವೆ. ಮೆಲ್ಲನೆ ಹಿಗ್ಗಿಸಿ ನೋಡಿದರೆ ಕೂದಲಿನಂಥ ಬಿರುಕುಗಳು ಕಾಣುತ್ತವೆ. ಇನ್ನೂ ಹಳೆಯದಾದರೆ ಬೆಲ್ಲದಂತೆ ಅಂಟುತ್ತದೆ. ನಿಯೋಪ್ರೀನಿನ ಸೀಲುಗಳು ಹೆಚ್ಚು ಕಾಲ ಬಾಳುತ್ತವೆ. ಸಿಲಿಕೋನಿನವು ಮೃದು, ಉಂಗುರಕ್ಕೆ ಸಿಕ್ಕಿಸಿರುವುದರಿಂದ ತಾವೇ ಬದಲಾಯಿಸಬಹುದು. ಸೀಲು ಕೆಟ್ಟಿತೆಂದು ಉಡುಪನ್ನು ತಿರಸ್ಕರಿಸಬೇಕಾಗಿಲ್ಲ. ಅದು ಸವೆಯುವುದಕ್ಕೆಂದೇ ಇರುವ ಅಂಗ. ಆದರೆ ಹೊಸ ಸೀಲಿನ ಖರ್ಚನ್ನು ಕ್ರಯದಿಂದ ಕಳೆಯತಕ್ಕದ್ದು. ಹೊಸ ಸೀಲು ಬಹಳ ಬಿಗಿಯಾಗಿ ಕುತ್ತಿಗೆಯನ್ನು ಅಮುಕದಂತೆಯೂ ಎಚ್ಚರವಿರಬೇಕು. ಅಲ್ಲಿ ಮಿದುಳಿಗೆ ಹೋಗುವ ರಕ್ತನಾಳಗಳು ಇವೆ, ಒತ್ತಡವಾದರೆ ತಲೆ ತಿರುಗಿ ಎಚ್ಚರ ತಪ್ಪುವುದುಂಟು.

ನಾಲ್ಕನೆಯದು, ವಾಲ್ವುಗಳು. ಗಾಳಿ ತುಂಬುವುದನ್ನು ಒತ್ತಿದರೆ ಸಲೀಸಾಗಿ ಒಳಹೋಗಿ, ಬಿಟ್ಟೊಡನೆ ಹಿಂದಕ್ಕೆ ಚಿಮ್ಮಬೇಕು. ಉಪ್ಪು ಕಟ್ಟಿ ಒತ್ತಿದಲ್ಲಿಯೇ ನಿಂತುಬಿಟ್ಟರೆ ಗಾಳಿ ನಿಲ್ಲದೆ ನುಗ್ಗುತ್ತದೆ. ಹಿಂದೆ ಹೇಳಿದ ಬುಡ್ಡೆಯ ಗತಿ ಆಗ ಬರುವುದು. ಗಾಳಿ ಬಿಡುವ ವಾಲ್ವಿನ ತಿರುಪು ಎರಡು ಕಡೆಗೂ ಸರಾಗವಾಗಿ ತಿರುಗಬೇಕು. ಸಿಲಿಂಡರಿನಿಂದ ಬರುವ ಕೊಳವೆಯ ಮೂತಿ ಎಲ್ಲ ವಾಲ್ವುಗಳಿಗೂ ಒಂದೇ ಬಗೆಯದಲ್ಲ. ಆದಕಾರಣ ಹೊಂದುವ ಕೊಳವೆಯನ್ನು ಸಹ ಕೇಳಿ ಪಡೆಯಬೇಕು. ಇದನ್ನು ಮರೆತು ಮನೆಗೆ ಬಂದು ಪೇಚಾಡುವವರು ಹಲವರು.

ಐದನೆಯದು, ಸೋರಿಕೆಯ ಪರೀಕ್ಷೆ. ನಮ್ಮ ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುವ ಕ್ರಮವೇ ಇಲ್ಲಿಯೂ. ಮಣಿಕಟ್ಟುಗಳಿಗೆ ಸೀಸೆಗಳನ್ನೂ ಕುತ್ತಿಗೆಗೆ ಚೆಂಡನ್ನೋ ಡಬ್ಬಿಯನ್ನೋ ತುರುಕಿ, ಜಿಪ್ಪನ್ನು ಎಳೆದು, ಗಾಳಿ ಬಿಡುವ ವಾಲ್ವನ್ನು ಮುಚ್ಚಿ, ಒಳಗೆ ಹದವಾಗಿ ಗಾಳಿ ತುಂಬಬೇಕು. ಅನಂತರ ಸಾಬೂನಿನ ನೀರನ್ನು ಕುಂಚದಿಂದ ಹೊಲಿಗೆಗಳ ಮೇಲೆ, ಜಿಪ್ಪಿನ ಮೇಲೆ, ವಾಲ್ವಿನ ಸುತ್ತ ಬಳಿಯಬೇಕು. ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಮಾರುವವನು ಈ ಪರೀಕ್ಷೆಗೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಒಂದೆರಡು ಸೂಜಿಮೊನೆಯ ತೂತುಗಳಿದ್ದರೆ ಹೆದರಬೇಕಾಗಿಲ್ಲ, ಅಂಟು ಹಚ್ಚಿದರೆ ತೀರಿತು. ಹೊಲಿಗೆಯುದ್ದಕ್ಕೂ ಸಾಲಾಗಿ ಗುಳ್ಳೆ ಬಂದರೆ ಉಡುಪಿನ ಆಯುಸ್ಸು ಮುಗಿದಿದೆಯೆಂದು ಅರ್ಥ. ಕಡೆಯದಾಗಿ ಒಳಗೆ ಮೂಸಿ ನೋಡಬೇಕು. ಬೂಷ್ಟಿನ ವಾಸನೆ ಇದ್ದರೆ ಒದ್ದೆಯಾಗಿಯೇ ಮಡಿಸಿಟ್ಟಿದ್ದರೆಂದು ತಿಳಿಯುತ್ತದೆ.

ಪರೀಕ್ಷೆಯ ಮೇಲೆ ಲೆಕ್ಕ. ಹೊಸ ಒಣ ಉಡುಪಿನ ಕ್ರಯವು ಬ್ರಿಟನ್ನಿನಲ್ಲಿ ನೂರಾರು ಪೌಂಡುಗಳಿಂದ ಹಿಡಿದು ಎರಡು ಸಾವಿರವನ್ನೂ ಮೀರುತ್ತದೆ. ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಮಾತ್ರ ಇಲ್ಲಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಅಂಗಡಿಯ ದರಪಟ್ಟಿಯಲ್ಲ. ಹಳೆಯ ಉಡುಪಿಗೆ 300 ಪೌಂಡು ಎಂದು ಮಾರುವವನು ಹೇಳಿದನೆನ್ನಿ. ಜಿಪ್ಪು ಹಾಕಿಸುವುದಕ್ಕೆ 200, ಮೂರು ಸೀಲುಗಳಿಗೆ 120, ವಾಲ್ವುಗಳನ್ನು ಬಿಚ್ಚಿ ತೊಳೆಸುವುದಕ್ಕೆ 60 ಆದರೆ ಒಟ್ಟು 680 ಆಯಿತು. ಹೊಸ ಸಾಧಾರಣ ಉಡುಪು, ತಯಾರಕರ ಭರವಸೆಯೊಡನೆ, 900ಕ್ಕೆ ಸಿಕ್ಕುವುದಾದರೆ ಉಳಿದದ್ದು 220 ಮಾತ್ರ. ಅದಕ್ಕೆ ಪ್ರತಿಯಾಗಿ ಹಳೆಯ ಬಟ್ಟೆಯ ಮಿಕ್ಕ ಆಯುಸ್ಸನ್ನು ನಾವು ಒಪ್ಪಿಕೊಂಡಂತಾಯಿತು. ಅದೇ ಉಡುಪಿಗೆ ಹಿಂದಿನ ವರ್ಷವೇ ಹೊಸ ಜಿಪ್ಪನ್ನೂ ಸೀಲುಗಳನ್ನೂ ಹಾಕಿಸಿದ ರಸೀತಿಯಿದ್ದು, 450 ಕೇಳಿದರೂ ಅದೇ ಅಗ್ಗ. ಆದಕಾರಣ ಕೇಳಿದ ಬೆಲೆಯನ್ನು ನೋಡಬಾರದು. ನೀರಿಗೆ ಇಳಿಯಲು ಸಿದ್ಧವಾಗುವ ವೇಳೆಗೆ ಆಗುವ ಬೆಲೆಯನ್ನು ನೋಡಬೇಕು. ಒಳಉಡುಪು ಸೇರಿದೆಯೋ ಇಲ್ಲವೋ ಎಂಬುದನ್ನೂ ಕೇಳಬೇಕು. ಅದು ಬೇರೆಯಾದರೆ ಅದರ ಖರ್ಚೂ ಉಂಟು.

ಮಾರುವವನಿಗೆ ಕೇಳತಕ್ಕ ಪ್ರಶ್ನೆಗಳು ಕೆಲವೇ. ಯಾವ ವರ್ಷ ಕೊಂಡದ್ದು? ಕಡೆಯ ಸಲ ನೀರಿಗಿಳಿದದ್ದು ಯಾವಾಗ? ಎಲ್ಲಿ, ಹೇಗೆ ಇಟ್ಟಿದ್ದಿರಿ? ಏನೇನು ಬದಲಾಯಿಸಿದಿರಿ, ರಸೀತಿ ಇದೆಯೇ? ಬಾಡಿಗೆಗೆ ಕೊಡುತ್ತಿದ್ದ ಉಡುಪೇ? ಏಕೆ ಮಾರುತ್ತೀರಿ? ಈ ಕಡೆಯ ಪ್ರಶ್ನೆಗೆ ನಗುತ್ತ ಉತ್ತರ ಹೇಳುವವರೇ ಹೆಚ್ಚು: ಮೈ ಬೆಳೆಯಿತು, ಮಕ್ಕಳಾದರು, ಬೆಚ್ಚನೆಯ ದೇಶಕ್ಕೆ ಹೋಗುತ್ತೇವೆ. ಇಂಥವರ ಉಡುಪು ಹಲವು ಸಲ ಒಳ್ಳೆಯದೇ ಆಗಿರುತ್ತದೆ. ಆದರೆ ಹತ್ತು ವರ್ಷ ಕಪಾಟಿನಲ್ಲಿಯೇ ಇದ್ದದ್ದು, ಹತ್ತೇ ಸಲ ತೊಟ್ಟದ್ದು ಎಂದರೆ ಹಿಗ್ಗಬಾರದು. ರಬ್ಬರಿಗೆ ದುಡಿಮೆಯಿಂದ ಮಾತ್ರವಲ್ಲ, ಸುಮ್ಮನೆ ಬಿದ್ದಿರುವುದರಿಂದಲೂ ಮುಪ್ಪು ಬರುತ್ತದೆ.

ಮಾರುವವರಿಗೂ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರವನ್ನು ವಿಚಾರಿಸುವಾಗ ದೋಷವನ್ನು ಮುಚ್ಚಿ ಮಾರುವವನನ್ನು ದಂಡನೆಗೆ ಅರ್ಹನೆಂದೇ ಎಣಿಸಿದ್ದಾರೆ. ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ನ್ಯಾಯವು ಹಂಡೆಗೆ ಸಲ್ಲಬಹುದು. ಅಂಟಿಕೊಳ್ಳುವ ವಾಲ್ವನ್ನು ಎಣ್ಣೆ ಹಾಕಿ ಒರಸಿ, ಒಂದು ದಿನದ ಮಟ್ಟಿಗೆ ನಯವಾಗಿಸಿ ಮಾರುವವನು ಬರಿಯ ಲಾಭಕೋರನಲ್ಲ. ತಾನು ಮುಖವನ್ನೂ ಕಾಣದ ಒಂದು ತಾಯಿಯ ಮಗನನ್ನು ಆಳದಲ್ಲಿ ಬಿಟ್ಟು ಬಂದವನು. “ಇದರ ಬಲ ಮಣಿಕಟ್ಟು ಸೋರುತ್ತದೆ, ಅದಕ್ಕಾಗಿ ಐವತ್ತು ಕಡಮೆ ಕೊಡಿ” ಎಂದು ತಾನಾಗಿ ಹೇಳುವ ಮಾರಾಟಗಾರನು ಸಿಕ್ಕಿದರೆ ಅವನಿಂದ ಕೊಳ್ಳುವುದೇ ಲೇಸು. ಹೇಳಿದ ದೋಷವನ್ನು ಸರಿಪಡಿಸಬಹುದು.

ಉಡುಪನ್ನು ಕೊಂಡೊಡನೆ ಆಳಕ್ಕೆ ಹೋಗುವಂತಿಲ್ಲ. ಒಣ ಉಡುಪಿನಲ್ಲಿ ಮುಳುಗುವುದು ಬೇರೆಯೇ ಒಂದು ಅಭ್ಯಾಸ. ಬ್ರಿಟನ್ನಿನಲ್ಲಿ 1953ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ಬಿನವರೂ ಇತರ ಸಂಸ್ಥೆಗಳವರೂ ಇದಕ್ಕೆ ಬೋಧನೆಯನ್ನು ಏರ್ಪಡಿಸಿದ್ದಾರೆ. ಕಾಲಿಗೆ ಗಾಳಿ ಹೋದಾಗ ಮೈಯನ್ನು ಮಡಿಸಿ ಉರುಳಿ ನೆಟ್ಟಗಾಗುವುದು, ನಿಲ್ಲದೆ ಗಾಳಿ ನುಗ್ಗಿದಾಗ ಕೊಳವೆಯನ್ನು ಕಳಚುವುದು, ಇಂಥವನ್ನು ಗುರುವಿನ ಎದುರಿನಲ್ಲಿ ಈಜುಕೊಳದಲ್ಲಿಯೇ ಕಲಿಯಬೇಕು. ಹೊಸ ಉಡುಪಿಗೆ ತೂಕದ ಪಟ್ಟಿಯ ಸೀಸವೂ ಬದಲಾಗುತ್ತದೆ. ಅದನ್ನು ಆಳವಿಲ್ಲದ ಕಡೆಯಲ್ಲಿ ತೂಗಿ ನೋಡಬೇಕು. ಮೊದಲ ಮುಳುಗುಗಳು ದಡದ ಬಳಿಯಲ್ಲಿ, ಜೊತೆಗಾರನೊಡನೆ ನಡೆಯಲಿ. ಸೋರುವುದಿದ್ದರೆ ಅಲ್ಲಿಯೇ ಸೋರಲಿ.

ಕೊಂಡ ಮೇಲಿನ ಆರೈಕೆ ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದುದಲ್ಲ. ರೇಷ್ಮೆ ಸೀರೆಯನ್ನು ಬಲ್ಲವರಿಗೆ ಇದೂ ತಿಳಿಯುತ್ತದೆ. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯಬೇಕು. ನೆರಳಿನಲ್ಲಿ, ಅಗಲವಾದ ತೂಗುಕೋಲಿನ ಮೇಲೆ ಒಳಹೊರಗೆ ಆರಿಸಬೇಕು. ಹಿತ್ತಾಳೆಯ ಜಿಪ್ಪಿನ ಹಲ್ಲುಗಳಿಗೆ ಹೊರಗಡೆ ಮೇಣವನ್ನು ಉಜ್ಜಬೇಕು. ಲೇಟೆಕ್ಸ್ ಸೀಲುಗಳಿಗೆ ಪರಿಮಳವಿಲ್ಲದ ಪೌಡರನ್ನು ಹಚ್ಚಬೇಕು. ಜಿಪ್ಪು ಮುರಿಯುವಂತೆ ಮಡಿಸಬಾರದು. ಸಡಿಲವಾಗಿ ಸುರುಳಿ ಸುತ್ತಬೇಕು. ವರ್ಷಕ್ಕೊಮ್ಮೆ ವಾಲ್ವುಗಳನ್ನು ಬಲ್ಲವರಿಂದ ತೊಳೆಸಬೇಕು. ಇಷ್ಟು ಮಾಡಿದವನ ಉಡುಪು ಅವನಿಗೂ ಬಾಳುತ್ತದೆ; ಅವನಿಂದ ಕೊಳ್ಳುವ ಮುಂದಿನವನಿಗೂ ಬಾಳುತ್ತದೆ.

ಕಡೆಗೆ ಪತ್ರ ಬರೆದ ಮಹನೀಯರಿಗೆ ನಮ್ಮ ಅಭಿಪ್ರಾಯ. ಹಳೆಯದೆಂಬ ಒಂದೇ ಕಾರಣದಿಂದ ಮಗನನ್ನು ತಡೆಯಬೇಡಿ. ಮೇಲಿನ ಐದು ಪರೀಕ್ಷೆಗಳಲ್ಲಿ ಗೆದ್ದ ಹಳೆಯ ಉಡುಪು ಒಳ್ಳೆಯ ಉಡುಪೇ. ಆದರೆ ಕೊಳ್ಳುವ ದಿನ ಒಬ್ಬನೇ ಹೋಗದೆ, ಹಲವು ವರ್ಷ ಒಣ ಉಡುಪಿನಲ್ಲಿ ಮುಳುಗಿದ ಅನುಭವಸ್ಥರನ್ನು ಜೊತೆಗೆ ಕರೆದುಕೊಂಡು ಹೋಗುವಂತೆ ಬರೆಯಿರಿ. ಜಿಪ್ಪು, ಸೀಲು, ವಾಲ್ವುಗಳ ಖರ್ಚಿಗೆ ಹಣ ಸಾಲದಿದ್ದರೆ ಈ ವರ್ಷ ಬಾಡಿಗೆಯ ಉಡುಪಿನಿಂದಲೇ ಕಾಲ ಕಳೆಯಲಿ. ಸ್ಕಾಪಾ ಫ್ಲೋದ ಹಡಗುಗಳು ನೂರು ವರ್ಷಗಳಿಂದ ಅಲ್ಲಿಯೇ ಇವೆ, ಮುಂದಿನ ವರ್ಷಕ್ಕೂ ಇರುತ್ತವೆ. ಅವನ ತಾಯಿಗೆ ಈ ಲೇಖನವನ್ನು ಓದಿ ಹೇಳುವಾಗ ಅಪಾಯದ ಭಾಗವನ್ನು ಬಿಟ್ಟು ಓದಬೇಡಿ. ಏನೇನನ್ನು ನೋಡಿ ಕೊಂಡನೆಂಬುದು ತಿಳಿದರೆ ಅವರಿಗೂ ರಾತ್ರಿ ನಿದ್ರೆ ಬರುತ್ತದೆ.